ಬೇಸ್ ಹುಚ್ಚು ಹತ್ತಿಸುವವರು

ಬೇಸ್ ಗಿಟಾರ್, ಅಂದರೆ ಹಾಡಿನ ತಳದ ಮಂದ್ರ ಸ್ವರಗಳ ಗಿಟಾರ್, ನುಡಿಸುವ ಯಾರನ್ನಾದರೂ ಕೇಳಿ ನೋಡಿ, 'ನಿಮಗೆ ಈ ಹುಚ್ಚು ಹತ್ತಿಸಿದ್ದು ಯಾರು?' ಅಂತ. ಉತ್ತರ ಥಟ್ಟನೆ ಬರುತ್ತದೆ. ಒಬ್ಬರು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅನ್ನುತ್ತಾರೆ. ಇನ್ನೊಬ್ಬರಿಗೆ ಜಾಜ್‌ನ ಜಾಕೋ ಪಾಸ್ಟೋರಿಯಸ್. ರಾಕ್ ಕೇಳಿ ಬೆಳೆದವರಾದರೆ ಫ್ಲೀ, ರಷ್ ತಂಡದ ಗೆಡ್ಡಿ ಲೀ, ಮೆಟಾಲಿಕಾದ ಕ್ಲಿಫ್ ಬರ್ಟನ್. ತಮಾಷೆ ಏನೆಂದರೆ, ಈ ಪಟ್ಟಿ ಅಷ್ಟೇನೂ ಉದ್ದವಿಲ್ಲ. ಸಾವಿರಾರು ಹಾಡುಗಳಿಗೆ ಚೊಕ್ಕವಾಗಿ ಬೇಸ್ ನುಡಿಸಿದ ಎಷ್ಟೋ ಜನರಿದ್ದಾರೆ. ಅವರಲ್ಲಿ ಬಹುಪಾಲು ಮಂದಿ ಯಾರ ಮೊದಲ ಪ್ರೀತಿಯೂ ಆಗುವುದಿಲ್ಲ. ಅದೇ ಹತ್ತಿಪ್ಪತ್ತು ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ.

ಯಾಕೆ ಹೀಗೆ? ಅವರೇ ಎಲ್ಲರಿಗಿಂತ ದೊಡ್ಡ ವಾದಕರು ಅಂದುಬಿಡಬಹುದು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಾರಣ ಅರ್ಧ ನಮ್ಮ ಕಿವಿಯಲ್ಲಿದೆ. ಉಳಿದರ್ಧ ಆ ವಾದಕರು ಬೇಸ್‌ಗೆ ಬಂದು ಸೇರಿದ ದಾರಿಯಲ್ಲಿದೆ.

ಕಿವಿಯಿಂದಲೇ ಶುರು ಮಾಡೋಣ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ದಪ್ಪ ತಂತಿ 'ಇ'. ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಸ್. ಮುಂದಿನ ಮೂರು ತಂತಿಗಳು 55, 73 ಮತ್ತು 98 ಹರ್ಟ್ಸ್. ನಮ್ಮ ಕಿವಿ ಚುರುಕಾಗಿರುವುದು ಇದಕ್ಕಿಂತ ತುಂಬಾ ಮೇಲೆ, 2000ದಿಂದ 5000 ಹರ್ಟ್ಸ್ ನಡುವೆ. ಮಂದ್ರಕ್ಕೆ ಇಳಿದಷ್ಟೂ ಕಿವಿ ಮಂದವಾಗುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಅವರ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ವಾಲ್ಯೂಮ್ ಕಡಿಮೆ ಮಾಡಿದಾಗ ಎಲ್ಲ ಸ್ವರಗಳೂ ಒಂದೇ ಸಮನಾಗಿ ತಗ್ಗುವುದಿಲ್ಲ. ಮೊದಲು ಮಾಯವಾಗುವುದೇ ಬೇಸ್. ಸಣ್ಣ ದನಿಯಲ್ಲಿ ಹಾಡು ಕೇಳುವವರಿಗೆ ಬೇಸ್ ಇದೆ ಅನ್ನುವುದೇ ಗೊತ್ತಾಗದೆ ಹೋಗಬಹುದು.

ಮೊಬೈಲ್‌ನ ಸ್ಪೀಕರ್‌ನಲ್ಲಿ ಕೇಳಿದರಂತೂ ಮುಗಿಯಿತು. ಅಷ್ಟು ಪುಟ್ಟ ಸ್ಪೀಕರ್ 41 ಹರ್ಟ್ಸ್ ಅನ್ನು ಹೊರಡಿಸಲು ಸಾಧ್ಯವೇ ಇಲ್ಲ. ಆದರೂ ಬೇಸ್ ಸ್ವಲ್ಪ ಕೇಳಿಸಿದ ಹಾಗೆ ಆಗುತ್ತದಲ್ಲ, ಅದು ಮೆದುಳಿನ ಕೈಚಳಕ. ಒಂದು ತಂತಿ ಮೀಟಿದಾಗ 41ರ ಜೊತೆಗೆ 82, 123, 164 ಹೀಗೆ ಮೇಲಿನ ಉಪಸ್ವರಗಳೂ ಹುಟ್ಟುತ್ತವೆ. ಮೆದುಳು ಆ ಮೇಲಿನವನ್ನು ಕೇಳಿ, ಇವಕ್ಕೆಲ್ಲ ತಳದಲ್ಲಿ 41 ಇರಲೇಬೇಕು ಅಂತ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸ್ವರ ಯಾವುದು ಅಂತ ತಿಳಿಯುತ್ತದೆ. ಅದರ ತೂಕ ಮಾತ್ರ ಸಿಗುವುದಿಲ್ಲ.

ಹಳೆಯ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಇನ್ನೊಂದು ತೊಡಕಿತ್ತು. ಬೇಸ್ ಜೋರಾದರೆ ತಟ್ಟೆಯ ಗೆರೆ ಜಾಸ್ತಿ ಓಲಾಡುತ್ತದೆ, ಮುಳ್ಳು ಹಾರಿಬಿಡಬಹುದು. ಹಾಗಾಗಿ ಇಂಜಿನಿಯರ್‌ಗಳು ಬೇಸ್ ಅನ್ನು ಅಂಕೆಯಲ್ಲಿ ಇಡುತ್ತಿದ್ದರು. 1966ರಲ್ಲಿ ಬೀಟಲ್ಸ್ ತಂಡ 'ಪೇಪರ್‌ಬ್ಯಾಕ್ ರೈಟರ್' ರೆಕಾರ್ಡ್ ಮಾಡುವಾಗ ಮೆಕಾರ್ಟ್ನಿ ಅವರ ಬೇಸ್ ದಪ್ಪಗೆ ಬರಲಿ ಅಂತ ಇಂಜಿನಿಯರ್‌ಗಳು ಒಂದು ಉಪಾಯ ಮಾಡಿದರು. ಆಂಪ್ (ಬೇಸ್‌ನ ಸದ್ದು ಜೋರು ಮಾಡುವ ಪೆಟ್ಟಿಗೆ) ಮುಂದೆ ಮೈಕ್ ಇಡುವ ಬದಲು ಒಂದು ಸ್ಪೀಕರ್ ಅನ್ನೇ ಮೈಕ್ ಆಗಿ ಬಳಸಿದರು. ಆ ಹಾಡಿನಲ್ಲಿ ಬೇಸ್ ಮುಂದೆ ಬಂದು ನಿಂತಿರುವುದು ಇಂದಿಗೂ ಕೇಳಿಸುತ್ತದೆ.

ಇಷ್ಟೆಲ್ಲ ಇದ್ದರೂ ಮೈ ಮಾತ್ರ ಬೇಸ್ ಅನ್ನು ಬಿಡುವುದಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಕೆಳಗಿನ ಸ್ವರ, ಒಂದು ಮೇಲಿನ ಸ್ವರ, ಎರಡನ್ನೂ ಒಟ್ಟಿಗೆ ತಾಳಕ್ಕೆ ಸರಿಯಾಗಿ ಕೇಳಿಸಿದರು. ಮಧ್ಯೆ ಮಧ್ಯೆ ಅದರಲ್ಲಿ ಯಾವುದೋ ಒಂದನ್ನು ಒಂಚೂರು ಬೇಗ ಬರುವಂತೆ ಮಾಡಿದರು. ತಪ್ಪಿದ್ದು ಕೆಳಗಿನ ಸ್ವರವಾದಾಗ ಮೆದುಳು ಅದನ್ನು ಹೆಚ್ಚು ಚೆನ್ನಾಗಿ ಹಿಡಿಯಿತು. ಬೆರಳಿನಿಂದ ತಾಳ ಹಾಕುತ್ತಿದ್ದವರ ಕೈಯೂ ಕೆಳಗಿನ ಸ್ವರದ ಹಿಂದೆಯೇ ಹೆಚ್ಚು ಹೋಯಿತು. 2022ರಲ್ಲಿ ಅದೇ ವಿಶ್ವವಿದ್ಯಾಲಯದವರು ಒಂದು ಎಲೆಕ್ಟ್ರಾನಿಕ್ ಸಂಗೀತ ಕಛೇರಿಯಲ್ಲಿ, ಕಿವಿಗೆ ಗೊತ್ತೇ ಆಗದಷ್ಟು ಕೆಳಗಿನ ಸದ್ದನ್ನು ಆಗಾಗ ಸೇರಿಸಿ, ತೆಗೆದು ನೋಡಿದರು. ಸೇರಿಸಿದಾಗ ಜನರ ಕುಣಿತ ಸುಮಾರು ಶೇ. 12ರಷ್ಟು ಹೆಚ್ಚಾಯಿತು.

ಅಲ್ಲಿಗೆ ಪರಿಸ್ಥಿತಿ ಹೀಗಿದೆ. ಹಾಡು ಕೇಳುವಾಗ ನಮ್ಮ ಕಾಲು ಬೇಸ್ ಜೊತೆ ಆಡುತ್ತಿರುತ್ತದೆ, ಗಮನ ಮಾತ್ರ ಗಾಯಕರ ಮೇಲಿರುತ್ತದೆ. ವರ್ಷಗಟ್ಟಲೆ ಹೀಗೇ ನಡೆಯಬಹುದು. ಯಾರೋ ಒಬ್ಬ ವಾದಕ ಬಂದು ಗಮನವನ್ನು ಕೆಳಕ್ಕೆ ಎಳೆಯುತ್ತಾನೆ. ಆಮೇಲೆ ಕೇಳಿದ ಪ್ರತಿ ಹಾಡಿನಲ್ಲೂ ಅದೇ ಕೇಳಿಸತೊಡಗುತ್ತದೆ. ಹುಚ್ಚು ಹತ್ತುವುದು ಅಂದರೆ ಇದೇ.

ಗಮನ ಎಳೆಯುವುದು ಹೇಗೆ? ಇಲ್ಲಿ ಎರಡನೇ ಕಾರಣ ಬರುತ್ತದೆ. ಹುಚ್ಚು ಹತ್ತಿಸಿದವರ ಕತೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಅವರಲ್ಲಿ ಹೆಚ್ಚಿನವರು ಬೇಸ್ ನುಡಿಸಬೇಕು ಅಂತ ಹೊರಟವರೇ ಅಲ್ಲ. ಬೇರೆ ವಾದ್ಯದಿಂದ, ಏನೋ ಅನಿವಾರ್ಯಕ್ಕೆ, ಇತ್ತ ಬಂದವರು. ಬರುವಾಗ ಆ ವಾದ್ಯದ ಅಭ್ಯಾಸವನ್ನೂ ಹೊತ್ತು ತಂದರು.

ಇದು ಸಾಧ್ಯವಾಗಿದ್ದಕ್ಕೆ 1951ರ ಒಂದು ವಾದ್ಯ ಕಾರಣ. ಅದಕ್ಕೂ ಮೊದಲು ಬೇಸ್ ಅಂದರೆ ಆಳೆತ್ತರದ ಡಬಲ್ ಬೇಸ್. ನಿಂತು ನುಡಿಸಬೇಕು, ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿ) ಇಲ್ಲ, ಸ್ವರ ಎಲ್ಲಿದೆ ಅಂತ ಬೆರಳೇ ಹುಡುಕಿಕೊಳ್ಳಬೇಕು. ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ 1951ರಲ್ಲಿ ಬಂತು. ಗಿಟಾರ್‌ನ ಹಾಗೆ ಹೆಗಲಿಗೆ ಹಾಕಿಕೊಳ್ಳಬಹುದು. ಫ್ರೆಟ್ ಇರುವುದರಿಂದ ಸ್ವರ ತಪ್ಪುವುದಿಲ್ಲ. ಗಿಟಾರ್ ಗೊತ್ತಿದ್ದ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕೆಲಸ ನಡೆಸಿಕೊಳ್ಳಬಹುದು. ಬಾಗಿಲು ತೆರೆದ ಮೇಲೆ ತರಹೇವಾರಿ ಜನ ಒಳಗೆ ಬಂದರು.

ಮೆಕಾರ್ಟ್ನಿ ಅವರನ್ನೇ ನೋಡಿ. ಗಿಟಾರ್, ಪಿಯಾನೋ ನುಡಿಸಿಕೊಂಡು ಹಾಡುತ್ತಿದ್ದವರು. 1961ರಲ್ಲಿ ಬೀಟಲ್ಸ್‌ಗೆ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್ಕ್ಲಿಫ್ ತಂಡ ಬಿಟ್ಟಾಗ ಬೇಸ್ ಹಿಡಿಯಲು ಬೇರೆ ಯಾರೂ ಮುಂದೆ ಬರಲಿಲ್ಲ. ಅದು ಇವರ ಕೊರಳಿಗೆ ಬಿತ್ತು. ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಕೊಂಡರು. ಎಡಗೈಯವರಾದ್ದರಿಂದ ಎರಡೂ ಕಡೆ ಒಂದೇ ಥರ ಇರುವ ಆ ಆಕಾರ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಹಾಡು ಕಟ್ಟುವವರ ತಲೆ ಅವರದು. ಹಾಗಾಗಿ ಅವರ ಬೇಸ್ ಕೂಡ ಹಾಡುತ್ತದೆ. ಗಾಯಕರ ರಾಗದ ಕೆಳಗೆ ಇನ್ನೊಂದು ರಾಗ ಓಡುತ್ತಿರುತ್ತದೆ, ಅದನ್ನು ಬೇರೆಯಾಗಿ ಗುನುಗಬಹುದು. ಸಂಗೀತ ಗೊತ್ತಿಲ್ಲದವರಿಗೂ ಗುನುಗುವುದು ಗೊತ್ತಿರುತ್ತದೆ, ಅಲ್ವಾ? ಎಷ್ಟೊಂದು ಜನರಿಗೆ ಮೆಕಾರ್ಟ್ನಿಯೇ ಮೊದಲ ಬಾಗಿಲಾಗಿದ್ದು ಇದಕ್ಕೇ.

ಲ್ಯಾರಿ ಗ್ರಹಾಂ ಅವರ ಕತೆ ನನಗೆ ಇನ್ನೂ ಇಷ್ಟ. ಸ್ಯಾನ್ ಫ್ರಾನ್ಸಿಸ್ಕೋ ಆಸುಪಾಸಿನಲ್ಲಿ ತಾಯಿಯ ಜೊತೆ ಕ್ಲಬ್‌ಗಳಲ್ಲಿ ನುಡಿಸುತ್ತಿದ್ದರು. ತಾಯಿ ಪಿಯಾನೋ ನುಡಿಸುತ್ತ ಹಾಡುತ್ತಿದ್ದರು, ಮಗನದು ಗಿಟಾರ್. ಕೆಳಗಿನ ಸ್ವರಗಳಿಗೆ ಒಂದು ಆರ್ಗನ್ ಇತ್ತು. ಅದು ಕೆಟ್ಟಿತು. ರಿಪೇರಿ ಆಗುವವರೆಗೆ ಇರಲಿ ಅಂತ ಬಾಡಿಗೆಗೆ ಒಂದು ಬೇಸ್ ತಂದರು. ಡ್ರಮ್ಸ್‌ನವರೂ ಇರಲಿಲ್ಲ. ತಾಳ ಬೇಕಲ್ಲ! ಹೆಬ್ಬೆರಳಿನಿಂದ ತಂತಿಗೆ ಹೊಡೆದು, ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಸದ್ದು ಬರಿಸಿದರು. ಇನ್ನೊಂದು ಬೆರಳಿನಿಂದ ತಂತಿ ಎಳೆದು ಬಿಟ್ಟು, ಚುರುಕು ಸದ್ದಿನ ಸಣ್ಣ ಡ್ರಮ್ ಆದ ಸ್ನೇರ್‌ನ ಸದ್ದು ಬರಿಸಿದರು. ಇಂದು ಸ್ಲ್ಯಾಪ್ ಅಂತ ಎಲ್ಲರೂ ಕಲಿಯುವ ವಿದ್ಯೆ ಹೀಗೆ ಹುಟ್ಟಿತು. ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ತಂಡಕ್ಕೆ ಸೇರಿದ ಮೇಲೆ ಜಗತ್ತಿಗೆಲ್ಲ ಕೇಳಿಸಿತು. ಬೇಸ್‌ನ ಸ್ವರದ ಜೊತೆಗೆ ಚಟಕ್ ಅನ್ನುವ ಮೇಲಿನ ಸದ್ದೂ ಇರುವುದರಿಂದ ಪುಟ್ಟ ಸ್ಪೀಕರ್‌ನಲ್ಲೂ ಇದು ಅಡಗುವುದಿಲ್ಲ. ಕಿವಿ ಚುರುಕಾಗಿರುವ ಜಾಗಕ್ಕೇ ಹೋಗಿ ಬಡಿಯುತ್ತದೆ.

ರೆಡ್ ಹಾಟ್ ಚಿಲಿ ಪೆಪರ್ಸ್‌ನ ಫ್ಲೀ ಅದೇ ಸಾಲಿನವರು. ಅವರು ಮೊದಲು ನುಡಿಸುತ್ತಿದ್ದುದು ಟ್ರಂಪೆಟ್. ಗೆಳೆಯ ಹಿಲೆಲ್ ಸ್ಲೋವಾಕ್ ಕರೆದದ್ದಕ್ಕೆ ಬೇಸ್ ಹಿಡಿದರು. ದ ಹೂ ತಂಡದ ಜಾನ್ ಎಂಟ್ವಿಸಲ್ ಫ್ರೆಂಚ್ ಹಾರ್ನ್ ಕಲಿತವರು. 1965ರ 'ಮೈ ಜನರೇಷನ್' ಹಾಡಿನಲ್ಲಿ ಗಿಟಾರ್ ಸೋಲೋ ಬರಬೇಕಾದ ಜಾಗದಲ್ಲಿ ಬೇಸ್ ಸೋಲೋ ಬರುತ್ತದೆ. ಕ್ಯಾರಲ್ ಕೇ ಆಗಲೇ ಹೆಸರಿದ್ದ ಗಿಟಾರ್ ವಾದಕಿ. 1963ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಪಿಟಲ್ ಸ್ಟುಡಿಯೋಗೆ ಬೇಸ್‌ನವರು ಬರಲಿಲ್ಲ, ಇವರು ಬೇಸ್ ಎತ್ತಿಕೊಂಡರು. ಮುಂದೆ ಅಮೆರಿಕದ ಸ್ಟುಡಿಯೋಗಳಲ್ಲಿ ಅತಿ ಬೇಡಿಕೆಯ ಬೇಸ್ ವಾದಕಿಯಾದರು. ಗಿಟಾರ್‌ನ ಅಭ್ಯಾಸದಿಂದ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದೇ ನುಡಿಸುತ್ತಿದ್ದರು, ಹಾಗಾಗಿ ಪ್ರತಿ ಸ್ವರದ ಶುರು ಮೊನಚಾಗಿ ಕೇಳುತ್ತದೆ.

ಜಾಯ್ ಡಿವಿಷನ್ ತಂಡದ ಪೀಟರ್ ಹುಕ್ ಅವರ ಕೈಗೆ ಬೇಸ್ ಹಿಡಿಸಿದ್ದು ಒಬ್ಬ ಬೇಸ್ ವಾದಕರಲ್ಲ. 1976ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನುವ ಪಂಕ್ ತಂಡದ ಕಾರ್ಯಕ್ರಮ ನೋಡಿದರು, ಮರುದಿನ ಹೋಗಿ ಬೇಸ್ ಕೊಂಡರು. ಅವರ ಆಂಪ್ ಕಳಪೆ. ಗಿಟಾರ್ ಗದ್ದಲದ ನಡುವೆ ತನ್ನ ಬೇಸ್ ತನಗೇ ಕೇಳುತ್ತಿರಲಿಲ್ಲ. ಕೇಳಲಿ ಅಂತ ಮೇಲಿನ ಸ್ವರಗಳಿಗೆ ಹೋದರು. ಅದೇ ಆ ತಂಡದ ಗುರುತಾಯಿತು. ಬೇಸ್ ಕೇಳಿಸುವುದಿಲ್ಲ ಅನ್ನುವ ಸಮಸ್ಯೆ ನುಡಿಸುವವರಿಗೂ ಇತ್ತು ನೋಡಿ.

ಈಗ ಜೇಮ್ಸ್ ಜೇಮರ್ಸನ್. ಇವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದಲ್ಲಿ ಬೇಸ್ ನುಡಿಸಿದವರು. ಆ ಹಾಡುಗಳು ಜಗತ್ತಿನ ಎಲ್ಲ ರೇಡಿಯೋಗಳಲ್ಲೂ ಬಂದವು, ಇವರ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಮೋಟೌನ್ ತನ್ನ ತಟ್ಟೆಗಳ ಮೇಲೆ ವಾದಕರ ಹೆಸರು ಹಾಕುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್‌ನಲ್ಲಿ ಹೆಸರು ಅಚ್ಚಾಯಿತು. ಅಷ್ಟರಲ್ಲಿ ಒಂದು ಇಡೀ ಪೀಳಿಗೆಗೆ ಇವರ ಕೈ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಮೆಕಾರ್ಟ್ನಿ ಅವರಿಗೂ ಹಾಗೇ. ತನಗೆ ದೊಡ್ಡ ಪ್ರಭಾವ ಇವರದು ಅಂತ ಆಮೇಲೆ ಅವರೇ ಹೇಳಿದ್ದಾರೆ.

ಜೇಮರ್ಸನ್ ಮಾಡಿದ್ದೇನು? ಅವರು ಜಾಜ್‌ನ ಡಬಲ್ ಬೇಸ್‌ನಿಂದ ಬಂದವರು. ಅದನ್ನು ಮೀಟುವ ಹಾಗೆಯೇ ಎಲೆಕ್ಟ್ರಿಕ್ ಬೇಸ್ ಅನ್ನೂ ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಆ ಬೆರಳಿಗೆ 'ಹುಕ್' (ಕೊಕ್ಕೆ) ಅಂತಲೇ ಹೆಸರು ಬಿದ್ದಿತ್ತು. 1962ರ ಪ್ರಿಸಿಷನ್ ಬೇಸ್, ದಪ್ಪನೆಯ ನುಣುಪು ತಂತಿ, ಅದನ್ನು ಬದಲಾಯಿಸುವ ಗೋಜಿಗೇ ಹೋಗುತ್ತಿರಲಿಲ್ಲ. ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಹತ್ತಿರ, ಅವಕ್ಕೆ ತಾಗುವ ಹಾಗೆ ಸ್ಪಂಜು ಇರುತ್ತಿತ್ತು. ಸ್ವರ ಹುಟ್ಟಿದೊಡನೆ ಗುಮ್ಮನೆ ತುಂಬಿಕೊಂಡು ಬೇಗ ನಿಲ್ಲುತ್ತದೆ. ಎಳೆದಾಡುವುದಿಲ್ಲ.

ಸ್ವರಗಳ ಆಯ್ಕೆ ಇನ್ನೂ ಮುಖ್ಯ. ಆ ಕಾಲದ ಬೇಸ್ ವಾದಕರಲ್ಲಿ ಹೆಚ್ಚಿನವರು ಗಿಟಾರ್ ಯಾವ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದಿದೆಯೋ ಅದರ ಮೂಲ ಸ್ವರ ಹಿಡಿದು ಕೂರುತ್ತಿದ್ದರು. ಅದು ತಪ್ಪೇನಲ್ಲ. ಜೇಮರ್ಸನ್ ಜಾಜ್ ಕಿವಿಯವರು. ಒಂದು ಮೂಲ ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಅರ್ಧಸ್ವರಗಳನ್ನೂ ಮುಟ್ಟಿಕೊಂಡು ಹೋಗುತ್ತಿದ್ದರು. ತಾಳದ ಏಟಿಗೆ ಸರಿಯಾಗಿ ಬೀಳದೆ, ಎರಡು ಏಟುಗಳ ನಡುವಿನ ಸಂದಿಯಲ್ಲಿ ಬೀಳುತ್ತಿದ್ದರು. ಹಾಡು ಮುಂದಕ್ಕೆ ತಳ್ಳಿದ ಹಾಗೆ ಅನ್ನಿಸುವುದು ಅದರಿಂದ. ಇಷ್ಟೆಲ್ಲ ಕೈಯಲ್ಲಿ ಇದ್ದವರೇ 1964ರ 'ಮೈ ಗರ್ಲ್' ಹಾಡಿನ ಶುರುವಿನಲ್ಲಿ ಎಷ್ಟು ಕಡಿಮೆ ನುಡಿಸಿದ್ದಾರೆ ಕೇಳಿ. ಬೇಸ್ ಒಂದೇ ಶುರುವಾಗುತ್ತದೆ, ಬೆರಳೆಣಿಕೆಯ ಸ್ವರಗಳು. ಗಿಟಾರ್ ಆಮೇಲೆ ಬರುತ್ತದೆ. ಬೇಸ್ ಕೇಳಿಸುವುದೇ ಇಲ್ಲ ಅನ್ನುವವರಿಗೆ ನಾನು ಮೊದಲು ಹೇಳುವ ಹಾಡು ಅದು.

ಜಾಕೋ ಪಾಸ್ಟೋರಿಯಸ್ ಅವರದು ಪೂರ್ತಿ ಬೇರೆ ದಾರಿ. ಫ್ಲಾರಿಡಾದಲ್ಲಿ ಬೆಳೆದ ಹುಡುಗ. ಮೊದಲು ಡ್ರಮ್ಸ್ ನುಡಿಸುತ್ತಿದ್ದರು. ಆಟವಾಡುವಾಗ ಮಣಿಕಟ್ಟಿಗೆ ಏಟು ಬಿದ್ದು ಡ್ರಮ್ಸ್ ಕಷ್ಟವಾಯಿತು, ಬೇಸ್‌ಗೆ ಬಂದರು. ಡ್ರಮ್ಸ್ ಕಲಿತ ಕೈ ಅಂತ ಅವರ ತಾಳದಲ್ಲಿ ಗೊತ್ತಾಗುತ್ತದೆ. ತಮ್ಮ ಫೆಂಡರ್ ಜಾಜ್ ಬೇಸ್‌ನ ಫ್ರೆಟ್‌ಗಳನ್ನು ಕಿತ್ತು, ಸಂದಿಗಳನ್ನು ತುಂಬಿ, ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದರು. ಫ್ರೆಟ್ ಇಲ್ಲದಿದ್ದರೆ ಸ್ವರಗಳ ನಡುವಿನ ಜಾಗವೆಲ್ಲ ನಿಮ್ಮದೇ. ಜಾರು, ಗಮಕ, ಸಣ್ಣ ಕಂಪನ ಎಲ್ಲ ಬರುತ್ತದೆ. ಗಟ್ಟಿ ಎಪಾಕ್ಸಿಯಿಂದ ಸ್ವರ ಮಂಕಾಗದೆ ಹೊಳೆಯುತ್ತದೆ. ಅದಕ್ಕೇ ಅವರ ಬೇಸ್ ಮನುಷ್ಯರ ಕೊರಳಿನ ಹಾಗೆ ಕೇಳುತ್ತದೆ. ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಜಾಕೋ ಬೇಗ ಹಿಡಿಸುವುದು ಇದರಿಂದಲೇ ಇರಬೇಕು.

1976ರಲ್ಲಿ ಅವರ ಹೆಸರಿನದೇ ಮೊದಲ ಆಲ್ಬಮ್ ಬಂತು. ಅದರ ಮೊದಲ ಹಾಡಿನಲ್ಲಿ ಸ್ಯಾಕ್ಸೊಫೋನ್‌ಗೆ ಅಂತ ಇದ್ದ ಜಾಜ್ ರಾಗವನ್ನು ಬೇಸ್‌ನಲ್ಲಿ ನುಡಿಸಿದ್ದಾರೆ, ಜೊತೆಗೆ ಕೈಯಿಂದ ಬಾರಿಸುವ ಕೊಂಗಾ ಡ್ರಮ್ ಒಂದೇ. ಇನ್ನೊಂದು ತುಣುಕು 'ಪೋರ್ಟ್ರೇಟ್ ಆಫ್ ಟ್ರೇಸಿ'. ತಂತಿಯನ್ನು ಒತ್ತದೆ, ಸರಿಯಾದ ಜಾಗದಲ್ಲಿ ಸುಮ್ನೆ ಮುಟ್ಟಿ ಮೀಟಿದರೆ ಗಂಟೆಯಂಥ ಎತ್ತರದ ಸ್ವರ ಬರುತ್ತದೆ. ಹಾರ್ಮೋನಿಕ್ಸ್ ಅನ್ನುತ್ತಾರೆ. ಬಹುತೇಕ ಅಂಥ ಸ್ವರಗಳಿಂದಲೇ ಇಡೀ ತುಣುಕು ಕಟ್ಟಿದ್ದಾರೆ. ಅದೇ ವರ್ಷ ವೆದರ್ ರಿಪೋರ್ಟ್ ಅನ್ನುವ ಜಾಜ್ ತಂಡ ಸೇರಿದರು. 1987ರಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಅವರನ್ನು ಕೇಳಿ ಬೇಸ್ ಬಿಟ್ಟವರೂ ಇದ್ದಾರೆ, ಫ್ರೆಟ್ ಕಿತ್ತು ಬೇಸ್ ಹಾಳು ಮಾಡಿಕೊಂಡವರೂ ಇದ್ದಾರೆ.

ಮೆಟಲ್ ಕಡೆಯ ಬಾಗಿಲು ಬೇಗ ಅರ್ಥವಾಗುತ್ತದೆ. 1983ರಲ್ಲಿ ಬಂದ ಮೆಟಾಲಿಕಾದ ಮೊದಲ ಆಲ್ಬಮ್‌ನಲ್ಲಿ ಕ್ಲಿಫ್ ಬರ್ಟನ್ ಅವರ ಬೇಸ್ ಸೋಲೋ ಒಂದು ಟ್ರ್ಯಾಕ್ ಆಗಿಯೇ ಇದೆ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಮತ್ತು ಸದ್ದಿನ ಬಣ್ಣ ಬದಲಿಸುವ ವಾ ಪೆಡಲ್ ಹಾಕಿ ನುಡಿಸಿದ್ದು. ಗಿಟಾರ್‌ನಷ್ಟೇ ಗಟ್ಟಿ ಸದ್ದು ಬೇಸ್‌ನಿಂದ ಬಂದರೆ ಹದಿಹರೆಯದವರ ಕಿವಿ ನೆಟ್ಟಗಾಗದೆ ಇರುತ್ತದಾ?

ಇನ್ನೊಂದು ಗುಂಪಿದೆ, ಅವರು ಮೊದಲ ಪ್ರೀತಿ ಆಗುವುದು ಕಡಿಮೆ. ಬಾಬ್ ಮಾರ್ಲಿ ಅವರ ತಂಡದ ಆಸ್ಟನ್ 'ಫ್ಯಾಮಿಲಿ ಮ್ಯಾನ್' ಬ್ಯಾರೆಟ್, ಸ್ಟ್ಯಾಕ್ಸ್ ಸ್ಟುಡಿಯೋದ ಡಕ್ ಡನ್, ಕ್ವೀನ್ ತಂಡದ ಜಾನ್ ಡೀಕನ್. ಇವರ ವಿದ್ಯೆ ಇರುವುದು ಸ್ವರ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲಿ. ಬೇಸ್ ಸ್ವರಕ್ಕೆ ಶುರು ಇದ್ದ ಹಾಗೆ ಕೊನೆಯೂ ಇದೆ. ಮುಂದಿನ ಡ್ರಮ್ ಏಟಿಗೆ ಸರಿಯಾಗಿ ನಿಲ್ಲಿಸಿದರೆ ಒಂದು ಥರ, ಅದರ ಮೇಲೆ ಹಾಯಿಸಿದರೆ ಇನ್ನೊಂದು ಥರ. ಮಾರ್ಲಿ ಅವರ ರೆಗೆ ಸಂಗೀತದಲ್ಲಿ ಬೇಸ್ ಬಿಡುವ ಖಾಲಿ ಜಾಗವೇ ಕುಣಿಸುತ್ತದೆ. ಹೊಸಬರಿಗೆ ಇದು ತಕ್ಷಣ ಕೇಳುವುದಿಲ್ಲ. ನುಡಿಸಲು ಶುರು ಮಾಡಿ, ಎಡಗೈ ಎತ್ತಿ ಸ್ವರ ನಿಲ್ಲಿಸುವುದು ಎಷ್ಟು ಕಷ್ಟ ಅಂತ ಬೆರಳಿಗೆ ತಿಳಿದ ಮೇಲೆ ಇವರೇ ದೊಡ್ಡವರಾಗಿ ಕಾಣತೊಡಗುತ್ತಾರೆ. ನನ್ನ ಮಟ್ಟಿಗೆ ಡೀಕನ್ ಅವರಿಗೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ.

ಯಾರಿಂದ ಹುಚ್ಚು ಹತ್ತಿತು ಅನ್ನುವುದು ಕಲಿಕೆಯ ಮೇಲೂ ಗುರುತು ಬಿಡುತ್ತದೆ. ಸ್ಲ್ಯಾಪ್ ಕೇಳಿ ಬಂದವರು ಮೊದಲ ದಿನದಿಂದ ಹೆಬ್ಬೆರಳು ಬಡಿಯುತ್ತಾರೆ, ಸಾದಾ ಹಾಡಿಗೆ ಸಾದಾ ಬೇಸ್ ಕೇಳಿದರೆ ತಡಬಡಾಯಿಸುತ್ತಾರೆ. ಜಾಕೋ ಕೇಳಿ ಬಂದವರು ಫ್ರೆಟ್‌ಲೆಸ್ ಬೇಕು ಅಂತ ಹಟ ಹಿಡಿಯುತ್ತಾರೆ. ಸ್ವರಸ್ಥಾನ ಕೂರುವ ಮೊದಲೇ ಅದು ಬೇಡ. ಫ್ಲೀ ಅವರೇ 1991ರ ಆಲ್ಬಮ್‌ನಲ್ಲಿ ಬೇಕಂತಲೇ ಸ್ಲ್ಯಾಪ್ ಕಡಿಮೆ ಮಾಡಿದರು. ಇಷ್ಟದ ವಾದಕರ ಬೇಸ್, ಆಂಪ್, ಪೆಡಲ್ ಏನೇನು ಅಂತ ಹುಡುಕುವುದಕ್ಕಿಂತ ಅವರ ಒಂದು ಸಾಲನ್ನು ಬಾಯಲ್ಲಿ ಪೂರ್ತಿ ಹಾಡಿಕೊಳ್ಳುವುದು ಉತ್ತಮ. ಹೆಡ್‌ಫೋನ್ ಹಾಕಿ, ಗಾಯಕರನ್ನು ಬಿಟ್ಟು, ಬೇಸ್ ಜೊತೆ ಗುನುಗಿ. ಎಲ್ಲಿ ಗುನುಗಲು ಆಗುವುದಿಲ್ಲವೋ ಅಲ್ಲಿ ಇನ್ನೂ ಕೇಳಿಸಿಲ್ಲ ಅಂತ ಅರ್ಥ.

ಆಮೇಲೆ ಅವರಿಗೆ ಹುಚ್ಚು ಹತ್ತಿಸಿದವರು ಯಾರು ಅಂತ ಹಿಂದಕ್ಕೆ ಹೋಗಬೇಕು. ಫ್ಲೀ ಅವರಿಂದ ಹಿಂದೆ ಹೋದರೆ ಲ್ಯಾರಿ ಗ್ರಹಾಂ ಸಿಗುತ್ತಾರೆ. ಗೆಡ್ಡಿ ಲೀ ಅವರಿಂದ ಹೋದರೆ ಕ್ರೀಮ್ ತಂಡದ ಜ್ಯಾಕ್ ಬ್ರೂಸ್, ಅವರ ಹಿಂದೆ ಮತ್ತೆ ಜೇಮರ್ಸನ್. ಜಾಕೋ ಅವರ ಹಿಂದೆ ಯಾರು ಅಂತ ತಿಳಿಯಲು 1985ರಲ್ಲಿ ಅವರು ಮಾಡಿದ ಪಾಠದ ವಿಡಿಯೋ ನೋಡಿ. ಎದುರಿಗೆ ಕುಳಿತು ಪ್ರಶ್ನೆ ಕೇಳುತ್ತಿರುವವರ ಹೆಸರು ಜೆರ್ರಿ ಜೆಮಾಟ್. ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಎಷ್ಟೋ ಸೋಲ್ ಹಾಡುಗಳಿಗೆ ಬೇಸ್ ನುಡಿಸಿದವರು. ಜಾಕೋ ಚಿಕ್ಕಂದಿನಲ್ಲಿ ಕೇಳಿ ಕೇಳಿ ಕಲಿತದ್ದು ಅವರನ್ನೇ. ಬಿ. ಬಿ. ಕಿಂಗ್ ಅವರ 1969ರ 'ದ ಥ್ರಿಲ್ ಈಸ್ ಗಾನ್' ಹಾಡಿನ ಬೇಸ್ ಕೂಡ ಜೆಮಾಟ್ ಅವರದೇ. ಜಾಕೋ ಇಷ್ಟವಾದವರು ಮುಂದೆ ಅದನ್ನು ಕೇಳಿ, ಗಿಟಾರ್ ಕಡೆ ಗಮನ ಕೊಡದೆ.